ಸರ್ರೆ ಬೆಟ್ಟಗಳಲ್ಲಿ ಗ್ರಾವೆಲ್ ಸೈಕಲ್: ಡಾರ್ಕಿಂಗ್‌ನಿಂದ ಡಾರ್ಕಿಂಗ್‌ಗೆ ಒಂದು ಸುತ್ತು

ಲಂಡನ್ನಿನ ವಾಟರ್ಲೂ ಅಥವಾ ವಿಕ್ಟೋರಿಯಾ ನಿಲ್ದಾಣದಲ್ಲಿ ಗ್ರಾವೆಲ್ ಸೈಕಲ್ಲಿನೊಂದಿಗೆ, ಅಂದರೆ ಕಚ್ಚಾ ದಾರಿಗೂ ಒಗ್ಗುವ ಅಗಲ ಟೈರಿನ ಸೈಕಲ್ಲಿನೊಂದಿಗೆ, ರೈಲು ಹತ್ತಿದರೆ ಹೆಚ್ಚು ಕಡಿಮೆ ಒಂದು ಗಂಟೆಯಲ್ಲಿ ಸರ್ರೆ ಕೌಂಟಿಯ ಡಾರ್ಕಿಂಗ್ ಬರುತ್ತದೆ. ಅಲ್ಲಿಂದ ಹೊರಟು ಕೋಲ್ಡ್‌ಹಾರ್ಬರ್, ಲೀತ್ ಹಿಲ್, ಹೋಮ್‌ಬರಿ ಹಿಲ್, ಪೀಸ್‌ಲೇಕ್, ಬ್ಲ್ಯಾಕ್‌ಹೀತ್, ಚಿಲ್‌ವರ್ತ್‌ಗಳನ್ನು ಹಾದು, ನ್ಯೂಲ್ಯಾಂಡ್ಸ್ ಕಾರ್ನರ್‌ನಲ್ಲಿ ಬೆಟ್ಟದ ನೆತ್ತಿಗೇರಿ, ರಾನ್‌ಮೋರ್ ಮೇಲಿಂದ ಮತ್ತೆ ಡಾರ್ಕಿಂಗ್‌ಗೇ ಇಳಿಯುವ ಸುಮಾರು 50 ಕಿಲೋಮೀಟರಿನ ಸುತ್ತನ್ನು ನಾನು ಮೂರು ವರ್ಷಗಳಿಂದ ಎಲ್ಲ ಋತುಗಳಲ್ಲೂ ತುಳಿದಿದ್ದೇನೆ. ಈ ದಾರಿಗೆ ಶುಲ್ಕವಿಲ್ಲ, ಅನುಮತಿ ಚೀಟಿ ಬೇಕಿಲ್ಲ. ಆದರೆ ಇಲ್ಲಿಗೆ ಬರುವವರು ಕಾಲಿನ ಬಲವನ್ನಷ್ಟೇ ನಂಬಿದರೆ ಸಾಲದು; ಚಕ್ರದಡಿಯ ನೆಲ ಯಾವುದು ಎಂಬುದನ್ನು ತಿಳಿದಿರಬೇಕು. ಈ ಸುತ್ತಿನ ಸುಖಕ್ಕೂ ಕಷ್ಟಕ್ಕೂ ನೆಲವೇ ಮೂಲ.

ಸರ್ರೆ ಹಿಲ್ಸ್ 1958ರಲ್ಲಿಯೇ ಸಂರಕ್ಷಿತ ನಿಸರ್ಗ ಪ್ರದೇಶವೆಂದು ಘೋಷಿತವಾದ ನಾಡು. ಇಂಗ್ಲೆಂಡಿನ ಕೌಂಟಿಗಳ ಪೈಕಿ ಅತಿ ಹೆಚ್ಚು ಮರಗಳಿರುವುದು ಸರ್ರೆಯಲ್ಲೇ. ಇಲ್ಲಿ ಎರಡು ಬೆಟ್ಟಸಾಲುಗಳು ಪೂರ್ವ ಪಶ್ಚಿಮವಾಗಿ ಅಕ್ಕಪಕ್ಕದಲ್ಲಿ ಮಲಗಿವೆ. ಉತ್ತರದ್ದು ನಾರ್ತ್ ಡೌನ್ಸ್, ಸೀಮೆಸುಣ್ಣದ ಕಲ್ಲಿನ ಬೆಟ್ಟ. ದಕ್ಷಿಣದ್ದು ಗ್ರೀನ್‌ಸ್ಯಾಂಡ್ ಎಂಬ ಮರಳುಗಲ್ಲಿನ ಸಾಲು. ನಡುವಿನ ಕಣಿವೆಯಲ್ಲಿ ಟಿಲ್ಲಿಂಗ್‌ಬೋರ್ನ್ ಎಂಬ ಪುಟ್ಟ ಹೊಳೆ ಹರಿಯುತ್ತದೆ. ಮರಳುನೆಲ ಮಳೆನೀರನ್ನು ಬೇಗ ಹೀರಿಕೊಳ್ಳುವುದರಿಂದ ನವೆಂಬರಿನಲ್ಲೂ ಅಲ್ಲಿ ಚಕ್ರ ಉರುಳುತ್ತದೆ. ಸೀಮೆಸುಣ್ಣದ ನೆಲ ಬೇಸಿಗೆಯಲ್ಲಿ ಗಟ್ಟಿಯಾಗಿ ಓಟಕ್ಕೆ ಹಿತವಾಗಿರುತ್ತದೆ, ಒದ್ದೆಯಾದರೆ ಮಾತ್ರ ಸಾಬೂನಿನಂತೆ ಜಾರುತ್ತದೆ. ಹಾಗಾಗಿ ಹೋಗುವಾಗ ಮರಳಿನ ಸಾಲು, ಬರುವಾಗ ಸುಣ್ಣದ ಸಾಲು ಎಂಬ ಕ್ರಮವನ್ನು ನಾನು ಇಟ್ಟುಕೊಂಡಿದ್ದೇನೆ. ಇಲ್ಲಿ ನೈಋತ್ಯದ ಗಾಳಿಯೇ ಹೆಚ್ಚು. ದಣಿದು ಪೂರ್ವಕ್ಕೆ ಮರಳುವಾಗ ಅದು ಬೆನ್ನಿಗೆ ಬೀಸುತ್ತದೆ.

ವೆಸ್ಟ್‌ಕಾಟ್ ಬಳಿ ಟಾರು ಬಿಟ್ಟು ವುಲ್ವೆನ್ಸ್ ಲೇನ್ ಹಿಡಿದ ಮೇಲೆ ನಿಜವಾದ ದಾರಿ ಶುರುವಾಗುತ್ತದೆ. ಶತಮಾನಗಳಿಂದ ಗಾಡಿಗಳೂ ಮಳೆನೀರೂ ಕೊರೆದು ಕೊರೆದು ಆಳವಾದ ಓಣಿ ಇದು. ಕೆಲವು ಕಡೆ ಎರಡೂ ಬದಿಯ ದಿಬ್ಬಗಳು ತಲೆಗಿಂತ ಎತ್ತರಕ್ಕೆ ಏಳುತ್ತವೆ. ಬೀಚ್ ಮರಗಳ ಬೇರುಗಳು ಮಣ್ಣು ಕಳಚಿಕೊಂಡು ಮುದುಕರ ಕೈಯ ನರಗಳಂತೆ ಗೋಡೆಯ ತುಂಬ ಹರಡಿರುತ್ತವೆ. ಇಳಿಜಾರು ಕಡಿದಲ್ಲ, ಆದರೆ ಉದ್ದ. ಮೋಟಾರು ವಾಹನಗಳಿಗೂ ಹಕ್ಕಿರುವ ಬೈವೇ ಇದಾದ್ದರಿಂದ ಗಾಲಿಗಳು ಕೊರೆದ ಕಾಲುವೆಗಳು ಇದ್ದೇ ಇರುತ್ತವೆ, ಚಳಿಗಾಲದಲ್ಲಿ ಅವುಗಳಲ್ಲಿ ನೀರು ನಿಂತು ಆಳ ತಿಳಿಯುವುದಿಲ್ಲ. ನಡುವಿನ ಏಣಿನ ಮೇಲೆ ಹೋಗುವುದೇ ಕ್ಷೇಮ.

ಕೋಲ್ಡ್‌ಹಾರ್ಬರ್ ಊರಿನ ಎದುರಿನ ಏರನ್ನು ಹತ್ತಿದರೆ ಕಾಡಿನ ನಡುವೆ ಇದ್ದಕ್ಕಿದ್ದಂತೆ ಒಂದು ಕ್ರಿಕೆಟ್ ಮೈದಾನ ಕಾಣಿಸುತ್ತದೆ. ಪೈನ್ ಮರಗಳ ಮಧ್ಯೆ ಬೆಟ್ಟದ ಮೇಲೆ ಅಷ್ಟು ಅಚ್ಚುಕಟ್ಟಾದ ಹುಲ್ಲುಹಾಸನ್ನು ಕಂಡಾಗಲೆಲ್ಲ ನಾನು ಎರಡು ನಿಮಿಷ ನಿಲ್ಲುತ್ತೇನೆ. ಮುಂದೆ ಲೀತ್ ಹಿಲ್ ಗೋಪುರದ ಕೊನೆಯ ಏರು ಸಡಿಲ ಮರಳು ಮತ್ತು ಬೇರುಗಳದ್ದು. ಇಲ್ಲಿ ಸೈಕಲ್ ತಳ್ಳಿಕೊಂಡು ಹೋದರೂ ನಾಚಿಕೆಯೇನಿಲ್ಲ. ಬೆಟ್ಟದ ಎತ್ತರ 294 ಮೀಟರ್. ರಿಚರ್ಡ್ ಹಲ್ ಎಂಬಾತ 1760ರ ದಶಕದಲ್ಲಿ ಕಟ್ಟಿಸಿದ ಗೋಪುರದ ಮೇಲೇರಿದರೆ ಸಮುದ್ರಮಟ್ಟದಿಂದ 1,000 ಅಡಿ ದಾಟುತ್ತದೆ. ಆತನನ್ನು ಹೂಳಿದ್ದೂ ಅದರ ಕೆಳಗೇ. ತಿಳಿಯಾದ ದಿನ ಒಂದು ಕಡೆ ಲಂಡನ್, ಇನ್ನೊಂದು ಕಡೆ ದಕ್ಷಿಣದ ಗುಡ್ಡಗಳ ಸಂದಿನಲ್ಲಿ ಕಡಲಿನ ಗೆರೆ ಕಾಣುತ್ತದೆ. ಪಾರಂಪರಿಕ ತಾಣಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ನೋಡಿಕೊಳ್ಳುವ ಈ ಗೋಪುರದ ಬುಡದ ಕಿಟಕಿಯಲ್ಲಿ ಚಹಾ, ಕೇಕ್ ಸಿಗುತ್ತವೆ. ತೆರೆದಿರುವ ಹೊತ್ತನ್ನು ಮುಂಚೆಯೇ ನೋಡಿಕೊಂಡು ಹೋಗುವುದು ಒಳ್ಳೆಯದು.

ಈ ಸುತ್ತಿನ ತಿರುಳು ಇರುವುದು ಹೋಮ್‌ಬರಿ ಮತ್ತು ಪೀಸ್‌ಲೇಕ್ ನಡುವಿನ ಹರ್ಟ್‌ವುಡ್ ಕಾಡಿನಲ್ಲಿ. ಇದು ಸರ್ಕಾರದ ಕಾಡಲ್ಲ, ಖಾಸಗಿ ಭೂಮಿ. ಆದರೆ ಒಡೆಯರಾಗಿದ್ದ ರೆಜಿನಾಲ್ಡ್ ಬ್ರೇ 1926ರಲ್ಲಿ ಗಾಳಿ ಸೇವನೆಗೆ, ವ್ಯಾಯಾಮಕ್ಕೆ ಬರುವ ಎಲ್ಲರಿಗೂ ಇದನ್ನು ಕಾಗದಪತ್ರದ ಮೂಲಕವೇ ತೆರೆದಿಟ್ಟರು. ಇಂಗ್ಲೆಂಡಿನ ಬೇರೆ ಕಡೆ 'ಖಾಸಗಿ' ಎಂಬ ಹಲಗೆಗಳನ್ನು ದಾಟದೆ ಕಾಡು ಸುತ್ತುವುದು ಎಷ್ಟು ಕಷ್ಟ ಎಂಬುದನ್ನು ಬಲ್ಲವರಿಗೆ ಈ ಔದಾರ್ಯದ ಬೆಲೆ ತಿಳಿದೀತು. ಹೋಮ್‌ಬರಿಯ 261 ಮೀಟರಿನ ನೆತ್ತಿಯಲ್ಲಿ ಕಬ್ಬಿಣ ಯುಗದ ಕೋಟೆಯ ದಿಬ್ಬಗಳು ಈಗಲೂ ಇವೆ. ಅಲ್ಲಿಂದ ಕೆಳಗೆ ಧುಮುಕುವ ಕಿರಿದಾದ ಜಾಡುಗಳು ಮೌಂಟನ್ ಬೈಕ್‌ನವರದ್ದು. ಸಸ್ಪೆನ್ಷನ್ ಇಲ್ಲದ, ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್ಲಿನ ನಮ್ಮ ಸೈಕಲ್ಲಿಗೆ ಅಗಲವಾದ ಕಾಡುರಸ್ತೆಗಳೇ ಸರಿ. ಪೈನ್ ಸೂಜಿಗಳು ಉದುರಿ ಹದವಾಗಿ ಕೂತ ಕಂದು ಮರಳಿನ ಮೇಲೆ 40 ಮಿಲಿಮೀಟರಿನ ಟೈರು ಮಾಡುವ ಸಣ್ಣ ಸರಸರ ಸದ್ದು, ಇಬ್ಬದಿಯಲ್ಲಿ ಎದೆಮಟ್ಟದ ಜರಿಗಿಡಗಳು, ತಿರುವಿನಾಚೆ ಒಮ್ಮೆಲೇ ತೆರೆದುಕೊಳ್ಳುವ ದಕ್ಷಿಣದ ಬಯಲು ಇವುಗಳಿಗಾಗಿಯೇ ನಾನು ಮತ್ತೆ ಮತ್ತೆ ಬರುತ್ತೇನೆ.

ಪೀಸ್‌ಲೇಕ್ ಪುಟ್ಟ ಊರು. ಅಲ್ಲಿನ ಅಂಗಡಿ ಪೀಸ್‌ಲೇಕ್ ವಿಲೇಜ್ ಸ್ಟೋರ್ಸ್‌ನ ಚೀಸ್ ಸ್ಟ್ರಾ ಈ ಭಾಗದ ಸೈಕಲ್ ಸವಾರರಲ್ಲಿ ಮನೆಮಾತು. ಹೆಸರಿನಲ್ಲಿ ಕಡ್ಡಿ ಇದ್ದರೂ ಅದು ಅಂಗೈಗಿಂತ ಉದ್ದದ, ಪದರ ಪದರವಾದ, ಒಂದು ತಿಂದರೆ ಹೊಟ್ಟೆ ತುಂಬುವ ತಿಂಡಿ. ಭಾನುವಾರ ಬೆಳಿಗ್ಗೆ ಸಾಲು ಉದ್ದವಿರುತ್ತದೆ, ತಡವಾದರೆ ಮುಗಿದಿರುತ್ತದೆ.

ಬ್ಲ್ಯಾಕ್‌ಹೀತ್‌ನ ಹೆದರ್ ಪೊದೆಗಳ ಬಯಲಿನಲ್ಲಿ ಮರಳು ಸಡಿಲ. ಅಲ್ಲಿ ಮುಂದಿನ ಚಕ್ರವನ್ನು ಬಲವಂತವಾಗಿ ತಿರುಗಿಸಲು ಹೋಗಬಾರದು; ಹಗುರ ಗೇರಿನಲ್ಲಿ, ಹಿಂದಕ್ಕೆ ತುಸು ಭಾರ ಹಾಕಿ ತುಳಿಯುತ್ತಲೇ ಇರಬೇಕು. ಕೆಳಗೆ ಚಿಲ್‌ವರ್ತ್‌ನಲ್ಲಿ ಹೊಳೆಯ ಪಕ್ಕ ಪಾಚಿಗಟ್ಟಿದ ಗೋಡೆಗಳೂ ಬೀಸುಕಲ್ಲುಗಳೂ ಬಿದ್ದಿವೆ. 1626ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಇಲ್ಲಿ ಸಿಡಿಮದ್ದಿನ ಕಾರ್ಖಾನೆ ಆರಂಭಿಸಿತು. ನಮ್ಮ ಇತಿಹಾಸದ ಪುಟಗಳಲ್ಲಿ ಓದಿದ ಆ ಹೆಸರು ಈ ಮೌನದ ಕಾಡಿನಲ್ಲಿ ಎದುರಾದಾಗ ಮನಸ್ಸು ಒಂದು ಕ್ಷಣ ಭಾರವಾಗುತ್ತದೆ. ಬೆಟ್ಟ ಬೇಡವೆನ್ನುವವರು, ಮಕ್ಕಳೊಂದಿಗೆ ಬಂದವರು ಪಕ್ಕದ ಸೇಂಟ್ ಮಾರ್ಥಾಸ್ ಹಿಲ್ ಬಳಿ ಶುರುವಾಗುವ ಡೌನ್ಸ್ ಲಿಂಕ್ ಹಿಡಿಯಬಹುದು. 1960ರ ದಶಕದಲ್ಲಿ ಮುಚ್ಚಿದ ರೈಲು ಮಾರ್ಗಗಳ ಮೇಲೆ ಬಹುಪಾಲು ಸಮತಟ್ಟಾಗಿ ಸಾಗಿ ಸುಮಾರು 59 ಕಿಲೋಮೀಟರ್ ದೂರದ ಶೋರಮ್ ಕಡಲತೀರ ಸೇರುವ ದಾರಿ ಅದು.

ನ್ಯೂಲ್ಯಾಂಡ್ಸ್ ಕಾರ್ನರ್‌ನಿಂದ ಪೂರ್ವಕ್ಕೆ ಹೊರಳಿದರೆ ಡ್ರೋವ್ ರೋಡ್. ಯೂ ಮರಗಳ ಕತ್ತಲಲ್ಲೂ ಬೀಚ್ ಎಲೆಗಳ ಬೆಳಕಲ್ಲೂ ಸಾಗುವ ಈ ದಾರಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅತ್ಯುತ್ತಮ, ಜನವರಿಯಲ್ಲಿ ಯಾರಿಗೂ ಬೇಡ. ಆ ಕಾಲದಲ್ಲಿ ಬೆಟ್ಟದ ಮೇಲೆ ಹೊದ್ದಿರುವ ಜೇಡಿಮಣ್ಣು ಚಕ್ರಕ್ಕೂ ಚೌಕಟ್ಟಿಗೂ ನಡುವೆ ತುಂಬಿಕೊಂಡು ಸೈಕಲ್ಲನ್ನೇ ನಿಲ್ಲಿಸಿಬಿಡುತ್ತದೆ. ಬೇಸಿಗೆಯಲ್ಲೂ ಒಂದು ಅಪಾಯವಿದೆ, ಅದು ಚಕಮಕಿ ಕಲ್ಲು. ಸೀಮೆಸುಣ್ಣದೊಳಗಿಂದ ಒಡೆದು ಬಂದ ಅದರ ಅಂಚು ಕ್ಷೌರದ ಕತ್ತಿಯಷ್ಟು ಹರಿತ. ಮೊದಲ ಸಲ ನಾನು ಬಾಡಿಗೆ ಸೈಕಲ್ಲಿನಲ್ಲಿ ಬಂದಿದ್ದೆ. ಅಂಗಡಿಯವರು ಟ್ಯೂಬ್‌ಲೆಸ್ ಟೈರು, ಪಂಕ್ಚರಿನ ಚಿಂತೆ ಬೇಡ ಎಂದಿದ್ದರು. ಹ್ಯಾಕ್‌ಹರ್ಸ್ಟ್ ಡೌನ್ಸ್ ಬಳಿ ಟೈರಿನ ಪಕ್ಕೆ ಸೀಳಿತು. ಬಿಳಿ ನೊರೆ ಉಕ್ಕಿ ಬಂದು ತೂತು ಮುಚ್ಚಬೇಕಾದ ಕಡೆ ಬರಿಯ ಗಾಳಿ ಬುಸ್ಸೆಂದಿತು. ಬಿಚ್ಚಿ ನೋಡಿದರೆ ತೂತು ಮುಚ್ಚಲು ಟೈರಿನೊಳಗೆ ಹಾಕುವ ಸೀಲೆಂಟ್ ಎಂಬ ದ್ರವ ಒಣಗಿ ರಬ್ಬರಿನ ಹಕ್ಕಳೆಯಾಗಿತ್ತು. ಕೆಳಗಿನ ಗಾಮ್‌ಶಲ್ ನಿಲ್ದಾಣದವರೆಗೆ ಸೈಕಲ್ ತಳ್ಳಿಕೊಂಡು ಇಳಿದು ರೈಲು ಹಿಡಿದೆ. ಬಾಡಿಗೆಗೆ ಪಡೆಯುವವರು ಚಕ್ರವನ್ನು ಕಿವಿಯ ಬಳಿ ಹಿಡಿದು ಅಲುಗಾಡಿಸಿ, ಒಳಗೆ ದ್ರವ ತುಳುಕುವ ಸದ್ದು ಕೇಳಿಸಿದರೆ ಮಾತ್ರ ಹಣ ಕೊಡಬೇಕು. ಜೊತೆಗೊಂದು ಟ್ಯೂಬು, ಪಂಪು, ತೂತಿಗೆ ತುರುಕುವ ರಬ್ಬರ್ ಬತ್ತಿ ಇರಲಿ.

ಕಾನೂನಿನ ಮಾತನ್ನೂ ಹೇಳಲೇಬೇಕು. ಇಂಗ್ಲೆಂಡಿನಲ್ಲಿ ಫುಟ್‌ಪಾತ್ ಎಂದರೆ ನಡೆಯುವವರ ಹಕ್ಕಿನ ದಾರಿ, ಅದರ ಬಾಣ ಹಳದಿ. ನೀಲಿ ಬಾಣದ ಬ್ರೈಡಲ್‌ವೇಯಲ್ಲಿ, ಅಂದರೆ ಕುದುರೆ ಸವಾರರ ದಾರಿಯಲ್ಲಿ, ಸೈಕಲ್ಲಿಗೆ ಹಕ್ಕು ದೊರೆತದ್ದು 1968ರ ಕಂಟ್ರಿಸೈಡ್ ಕಾಯ್ದೆಯಿಂದ. ನಡೆಯುವವರಿಗೂ ಕುದುರೆ ಸವಾರರಿಗೂ ದಾರಿ ಬಿಟ್ಟುಕೊಡಬೇಕು ಎಂಬ ಷರತ್ತು ಅದರಲ್ಲೇ ಇದೆ. ಬಹಳ ಜನ ಇಳಿಸಿಕೊಂಡಿದ್ದ ಒಂದು ಮೊಬೈಲ್ ನಕ್ಷೆ ನನ್ನನ್ನು ಎರಡು ಬಾರಿ ಹಳದಿ ಬಾಣದ ದಾರಿಗೆ ಕಳುಹಿಸಿತ್ತು. ಅಂದಿನಿಂದ ಬ್ರಿಟನ್ನಿನ ನಕ್ಷೆ ಸಂಸ್ಥೆಯಾದ ಆರ್ಡ್ನೆನ್ಸ್ ಸರ್ವೆಯ 1:25,000 ಪ್ರಮಾಣದ ಎಕ್ಸ್‌ಪ್ಲೋರರ್ ನಕ್ಷೆಯಲ್ಲಿ ಬ್ರೈಡಲ್‌ವೇಗಳನ್ನು ತೋರಿಸುವ ಹಸಿರು ಉದ್ದಗೆರೆಗಳನ್ನು ಒಂದೊಂದಾಗಿ ಹೊಂದಿಸಿ ನೋಡದೆ ನಾನು ಹೊರಡುವುದಿಲ್ಲ. ಕುದುರೆ ಕಂಡರೆ ಗಂಟೆ ಬಾರಿಸುವುದಕ್ಕಿಂತ ಮಾತಾಡುವುದು ಮೇಲು. ಕಳೆದ ಮೇ ತಿಂಗಳಲ್ಲಿ ಓಣಿಯೊಂದರಲ್ಲಿ ನಾನು ಹಿಂದಿನಿಂದ 'ಗುಡ್ ಮಾರ್ನಿಂಗ್' ಎಂದಾಗ ಬೆದರಲಿದ್ದ ಕುದುರೆಯ ನಿಮಿರಿದ ಕಿವಿಗಳು ಸಡಿಲವಾದವು. ಅದು ಮನುಷ್ಯನ ದನಿ ಗುರುತಿಸಿತ್ತು. ಸವಾರಿ ಮಾಡುತ್ತಿದ್ದ ಹಿರಿಯರು ಬದಿಗೆ ಸರಿದು, ಮುಂದೆ ಮರ ಬಿದ್ದಿದೆ, ಎಡದ ದಾರಿ ಹಿಡಿಯಿರಿ ಎಂದು ಹೇಳಿ ಕಳುಹಿಸಿದರು.

ಸೈಕಲ್ಲಿನ ಮಟ್ಟಿಗೆ 40ರಿಂದ 45 ಮಿಲಿಮೀಟರ್ ಅಗಲದ ಟೈರು, ಡಿಸ್ಕ್ ಬ್ರೇಕು, ಗೋಡೆಯಂಥ ಏರಿಗೂ ಒಗ್ಗುವ ಹಗುರ ಗೇರು ಸಾಕು. ಟೈರಿನ ಗಾಳಿಯ ಒತ್ತಡ ಎಷ್ಟೆಂಬುದು ಸವಾರನ ತೂಕಕ್ಕೆ ಬಿಟ್ಟದ್ದು. 72 ಕಿಲೋ ತೂಗುವ ನನಗೆ 32 ಪಿಎಸ್‌ಐ ಹದವಾಗಿದೆ. ನನ್ನ ಲೆಕ್ಕದಲ್ಲಿ ಒಟ್ಟು ಏರು ಸುಮಾರು 1,000 ಮೀಟರ್, ಊಟ ವಿಶ್ರಾಂತಿ ಸೇರಿ ಆರು ಗಂಟೆ ಬೇಕು. ವಾರಕ್ಕೊಮ್ಮೆ ತುಳಿಯುವವರು ಧೈರ್ಯವಾಗಿ ಬರಬಹುದು. ಹೊಸಬರು ಪೀಸ್‌ಲೇಕ್‌ವರೆಗೆ ಮಾತ್ರ ಹೋಗಿ ಗಾಮ್‌ಶಲ್‌ಗೆ ಇಳಿದು ರೈಲು ಹತ್ತಿದರೂ ಈ ಸುತ್ತಿನ ಉತ್ತಮ ಭಾಗವನ್ನು ಕಂಡಂತೆಯೇ. ಏಪ್ರಿಲ್ ಕೊನೆಯಿಂದ ಮೇ ಮಧ್ಯದವರೆಗೆ ಲೀತ್ ಹಿಲ್ಲಿನ ಮರಗಳ ಕೆಳಗೆ ನೀಲಿ ಬ್ಲೂಬೆಲ್ ಹೂಗಳು ಹಾಸುತ್ತವೆ. ಒಂದೇ ಸಲ ಬರಲು ಸಾಧ್ಯವಿರುವವರು ಆ ದಿನಗಳನ್ನೇ ಆರಿಸಿಕೊಳ್ಳಬೇಕು. ರಾನ್‌ಮೋರ್ ಚರ್ಚಿನ ಗೋಪುರ ಕಂಡ ಮೇಲೆ ಡಾರ್ಕಿಂಗ್‌ವರೆಗೆ ಬರಿಯ ಇಳಿಜಾರು. ಅಲ್ಲಿ ಸಂಜೆ ನಾಯಿಗಳೊಂದಿಗೆ ನಡೆಯಲು ಬರುವವರು ಬಹಳ, ಬ್ರೇಕಿನ ಮೇಲೆ ಬೆರಳಿರಲಿ.