ಎಳೆಯರ ಬಿಗ್ ಬ್ಯಾಂಡ್‌ಗೆ ಮೈನರ್ ಬ್ಲೂಸ್ ಚಾರ್ಟ್: ಎಂಟನೇ ಬಾರ್‌ವರೆಗೆ ಸಲೀಸು

ಇದು ಬಿಗ್ ಬ್ಯಾಂಡ್‌ಗೆ, ಅಂದರೆ ದೊಡ್ಡ ಜಾಝ್ ತಂಡಕ್ಕೆ, ಬರೆದ ಸ್ವರಲಿಪಿ. ಐದು ಸ್ಯಾಕ್ಸ್, ನಾಲ್ಕು ಟ್ರಂಪೆಟ್, ನಾಲ್ಕು ಟ್ರೊಂಬೋನ್, ಜೊತೆಗೆ ಪಿಯಾನೋ, ಗಿಟಾರ್, ಬೇಸ್, ಡ್ರಮ್ಸ್: ಒಟ್ಟು 17 ಪಾರ್ಟುಗಳ (ವಾದಕರಿಗೊಂದು ಹಾಳೆ) ಸೆಟ್. ಸಿ ಮೈನರ್, 12 ಬಾರ್‌ಗಳ (ನಾಲ್ಕು ಬೀಟಿನ ಅಳತೆಗಳ) ಸುತ್ತು, ಟೆಂಪೊ ನಿಮಿಷಕ್ಕೆ 132 ಬೀಟ್. ಬರೆದವರಿಗೆ ಮಕ್ಕಳ ತುಟಿಯ ತ್ರಾಣ ಗೊತ್ತಿದೆ. ಲೀಡ್ ಟ್ರಂಪೆಟ್ ಸ್ಟಾಫಿನ (ಸ್ವರ ಬರೆಯುವ ಐದು ಗೆರೆಗಳ) ಮೇಲಿನ ಜಿ ದಾಟುವುದಿಲ್ಲ, ಅದೂ ಬರುವುದು ಎಲ್ಲರೂ ಒಟ್ಟಿಗೆ ಜೋರಾಗಿ ನುಡಿಸುವ ಕೊನೆಯ ಶೌಟ್ ಕೋರಸ್‌ನಲ್ಲಿ ಮಾತ್ರ.

ಮೊದಲ ಎಂಟು ಬಾರ್ ಕಷ್ಟವಿಲ್ಲ. ಸಿ, ಇ ಫ್ಲಾಟ್, ಎಫ್, ಜಿ ಫ್ಲಾಟ್, ಜಿ, ಬಿ ಫ್ಲಾಟ್ ಎಂಬ ಬ್ಲೂಸ್ ಸ್ಕೇಲ್ ಹಿಡಿದುಕೊಂಡರೆ ಯಾವ ಮಗುವೂ ಸೋಲೋ ನುಡಿಸಬಲ್ಲದು. ತೊಡಕು ಒಂಬತ್ತು, ಹತ್ತನೇ ಬಾರ್‌ಗಳಲ್ಲಿ. ಅಲ್ಲಿ ಎ ಫ್ಲಾಟ್ ಸೆವೆನ್, ಜಿ ಸೆವೆನ್ ಎಂಬ ಕಾರ್ಡುಗಳು (ಸ್ವರಗುಚ್ಛಗಳು) ಬರುತ್ತವೆ. ಜಿ ಸೆವೆನ್‌ಗೆ ಬಿ ನ್ಯಾಚುರಲ್ ಬೇಕು, ಸ್ಕೇಲಿನಲ್ಲಿರುವುದು ಬಿ ಫ್ಲಾಟ್. ಪಳಗಿದವರು ನುಡಿಸಿದರೆ ಅದು ಶಾರ್ಪ್ ನೈನ್ (ಕಾರ್ಡಿಗೆ ಬೇಕೆಂದೇ ಸೇರಿಸುವ ಹೆಚ್ಚುವರಿ ಸ್ವರ) ಆಗಿ ಒಪ್ಪುತ್ತದೆ. ಕಲಿಯುವವರು ಎಳೆದು ಹಿಡಿದರೆ ತಪ್ಪು ಸ್ವರವೆಂದೇ ಕೇಳಿಸುತ್ತದೆ. ಮಾದರಿಗೆಂದು ಅಚ್ಚು ಹಾಕಿದ ಸೋಲೋ ಕೂಡ ಅಲ್ಲಿ ಬಿ ಫ್ಲಾಟ್ ಮೇಲೆಯೇ ನಿಂತಿದೆ. ಈ ಸೆಟ್ಟಿನ ದೊಡ್ಡ ಕೊರತೆ ಇದೇ.

ಹಾಗಾಗಿ ಪಾಠವನ್ನು ಇಲ್ಲಿಂದಲೇ ಶುರು ಮಾಡುವುದು ಲೇಸು. ಒಂಬತ್ತರಿಂದ ಹತ್ತಕ್ಕೆ ಸಿ ಅರ್ಧ ಸ್ವರ ಇಳಿದು ಬಿ ಆಗುತ್ತದೆ, ಜಿ ಫ್ಲಾಟ್ ಇಳಿದು ಎಫ್ ಆಗುತ್ತದೆ. ಈ ಎರಡು ಎಳೆಗಳನ್ನು ಮೊದಲು ಎಲ್ಲರೂ ಹಾಡಲಿ, ಆಮೇಲೆ ನುಡಿಸಲಿ. ಸ್ಯಾಕ್ಸ್, ಟ್ರಂಪೆಟ್ ಹಾಳೆಗಳಲ್ಲಿ ಬರೆಯುವ ಸ್ವರ ಬೇರೆ, ಕೇಳಿಸುವ ಸ್ವರ ಬೇರೆ: ಆಲ್ಟೋ, ಬ್ಯಾರಿಟೋನ್ ಸ್ಯಾಕ್ಸ್‌ನವರ ಹಾಳೆಯಲ್ಲಿ ಅದು ಎ–ಜಿ ಶಾರ್ಪ್, ಇ ಫ್ಲಾಟ್–ಡಿ. ಟೆನರ್, ಟ್ರಂಪೆಟ್‌ನವರಿಗೆ ಡಿ–ಸಿ ಶಾರ್ಪ್, ಎ ಫ್ಲಾಟ್–ಜಿ. ಎರಡನೇ ಟ್ರೊಂಬೋನ್‌ಗೆ ಜಿ ಫ್ಲಾಟ್ ಸ್ಲೈಡಿನ (ಎಳೆಯುವ ಕೊಳವೆಯ) ಐದನೇ ಪೊಸಿಷನ್‌ನಲ್ಲಿದೆ. ಎಫ್ ಅನ್ನು ಆರನೆಯದರಲ್ಲಿ ಹಿಡಿದರೆ ಸ್ವರ ಜಾರುತ್ತದೆ, ಚಿಕ್ಕವರ ಕೈ ಎಟಕುವುದೂ ಕಷ್ಟ. ಮೊದಲನೇ ಪೊಸಿಷನ್‌ಗೆ ಬಂದರೆ ದೂರ ಹೆಚ್ಚು, ಆದರೆ ಸ್ವರ ಸ್ವಚ್ಛ.

ನಾಲ್ಕನೇ ಬೀಟಿನ ಅರ್ಧದಲ್ಲಿ ಹೊಡೆದು ಮುಂದಿನ ಬಾರ್‌ಗೆ ಟೈ ಮಾಡಿದ (ಎಳೆದು ಹಿಡಿಯುವ) ಸ್ವರಗಳು ತುಂಬಾ ಇವೆ. ಎಲ್ಲಿ ನಿಲ್ಲಿಸಬೇಕೆಂಬ ಗುರುತಿಲ್ಲ, ಒಬ್ಬೊಬ್ಬರು ಒಂದೊಂದು ಕಡೆ ಬಿಡುತ್ತಾರೆ. 'ಎರಡರ ಮೇಲೆ ಬಿಡಿ' ಎಂದು ಪೆನ್ಸಿಲ್‌ನಲ್ಲಿ ಬರೆಸಿ. ಎರಡು, ನಾಲ್ಕರ ಮೇಲೆ ಚಪ್ಪಾಳೆ ತಟ್ಟುತ್ತಾ ಆ ಸಾಲನ್ನು ಬಾಯಲ್ಲಿ ಹೇಳಿಸಿದರೆ ಮುಂದೋಡುವುದೂ ತಗ್ಗುತ್ತದೆ.

ಸೋಲೋ ಹಿಂದೆ ಉಳಿದವರು ಮತ್ತೆ ಮತ್ತೆ ನುಡಿಸುವ ರಿಫ್‌ಗಳಿಗೆ ಫೋರ್ಟೆ (ಜೋರು) ಯಾಕೆ ಹಾಕಿದರೋ! ಮೆಟ್ಸೋ ಪಿಯಾನೋ (ತುಸು ಮೆದು) ಸಾಕು, ಅದೂ ಸೋಲೋದ ಎರಡನೇ ಸುತ್ತಿನಿಂದ.

ಬೇಸ್ ಪಾರ್ಟ್ ಅಚ್ಚುಕಟ್ಟು: ಬೀಟಿಗೊಂದು ಸ್ವರದಂತೆ ಸಾಗುವ ವಾಕಿಂಗ್ ಲೈನ್ ಪೂರ್ತಿ ಇದೆ, ಮೇಲೆ ಕಾರ್ಡ್ ಹೆಸರುಗಳೂ ಇವೆ. ಗಿಟಾರ್‌ಗೆ ಬರೀ ಕಾರ್ಡ್ ಹೆಸರು. ಹಾಗೇ ಬಿಟ್ಟರೆ ಆರೂ ತಂತಿ ಮೀಟಿ ಪಿಯಾನೋ ಜೊತೆ ಜಗಳವಾಗುತ್ತದೆ. 1937ರಲ್ಲಿ ಕೌಂಟ್ ಬೇಸಿಯ ಜಾಝ್ ಬ್ಯಾಂಡ್ ಸೇರಿದ ಗಿಟಾರ್ ವಾದಕ ಫ್ರೆಡ್ಡಿ ಗ್ರೀನ್ ಅವರ ರೆಕಾರ್ಡಿಂಗ್ ಕೇಳಿಸಿ: ಬಾರ್‌ಗೆ ನಾಲ್ಕು ಮೆದು ಮೀಟು, ಅಷ್ಟೇ. ಡ್ರಮ್ಸ್ ಪಾರ್ಟಿನಲ್ಲಿ ಪ್ರತಿ ಬಾರ್ ಬರೆದು ತುಂಬಿಸಿದ್ದಾರೆ; ಕಣ್ಣು ಹಾಳೆಗೇ ಅಂಟಿಕೊಳ್ಳುತ್ತದೆ. ಹಿತ್ತಾಳೆ ವಾದ್ಯಗಳ ಹೊಡೆತಗಳನ್ನಷ್ಟೇ ಗುರುತು ಮಾಡಿ, ಮಿಕ್ಕದ್ದು ಕಿವಿಗೆ ಬಿಡಿ.

ಟ್ರೊಂಬೋನ್ ಮೂವರೇ ಇದ್ದರೂ ಈ ಸೆಟ್ ಕೊಳ್ಳಬಹುದು. ನಾಲ್ಕನೆಯದನ್ನು ಬ್ಯಾರಿಟೋನ್ ಸ್ಯಾಕ್ಸ್ ಹೇಗೂ ನುಡಿಸುತ್ತದೆ. ಎರಡನೆಯದನ್ನು ಮಾತ್ರ ಖಾಲಿ ಬಿಡಬೇಡಿ, ಜಿ ಫ್ಲಾಟ್–ಎಫ್ ಎಳೆ ಅದರಲ್ಲಿದೆ.