ಮೌನದೊಳಗಿನ ಒಗ್ಗರಣೆ: ಆಡಿಯೊ ಎಕ್ಸ್‌ಪೋರ್ಟ್ ಮಾಡುವವರಿಗೆ ಒಂದು ಎಚ್ಚರಿಕೆ

ಮನೆಯಲ್ಲೇ ಧ್ವನಿಮುದ್ರಣ ಮಾಡಿ, ತಿದ್ದಿದಾಗಲೆಲ್ಲ ಅದನ್ನು 16 ಬಿಟ್‌ನ ವೇವ್ ಕಡತವಾಗಿ ಎಕ್ಸ್‌ಪೋರ್ಟ್ ಮಾಡಿಟ್ಟು, ಮರುದಿನ ಅದೇ ಕಡತವನ್ನು ತೆರೆದು ಕೆಲಸ ಮುಂದುವರಿಸುವ ಅಭ್ಯಾಸ ನಿಮಗಿದ್ದರೆ ದಯವಿಟ್ಟು ಅದನ್ನು ಇಂದೇ ಬಿಡಿ. ಆ ಅಭ್ಯಾಸದಿಂದ ನಾನು ಮೂರು ತಿಂಗಳ ಕೆಲಸವನ್ನು ಕೆಡಿಸಿಕೊಂಡೆ. ಕೆಟ್ಟಿದ್ದು ಎಲ್ಲಿ ಎಂದು ತಿಳಿಯದೆ, ಯಾವ ತಪ್ಪನ್ನೂ ಮಾಡದ ಮೈಕು, ಕೇಬಲ್ಲುಗಳನ್ನು ಬದಲಿಸಲು 11,000 ರೂಪಾಯಿ ಸುರಿದೆ.

ಕೆಲಸ ಹೀಗಿತ್ತು. ದೃಷ್ಟಿಹೀನ ವಿದ್ಯಾರ್ಥಿಗಳ ಒಂದು ಹಾಸ್ಟೆಲ್‌ಗೆ ಪ್ರೌಢಶಾಲೆಯ ಇತಿಹಾಸದ 26 ಪಾಠಗಳನ್ನು ಓದಿಸಿ ಕೊಡಬೇಕಾಗಿತ್ತು. ಓದಿದವರು ನಮ್ಮ ಅತ್ತಿಗೆ. ಧಾರವಾಡದಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು. ಉಚ್ಚಾರದಲ್ಲಿ ಒಂದು ಮಹಾಪ್ರಾಣವೂ ತಪ್ಪುವುದಿಲ್ಲ, ಆದರೆ ದನಿ ಮಾತ್ರ ಬಹಳ ಮೆಲು. ಹೆಚ್ಚು ಏರಿಸಿದರೆ ದನಿ ಒಡೆದೀತೆಂಬ ಹೆದರಿಕೆಯಿಂದ ನಾನು ಮುದ್ರಣದ ಮಟ್ಟವನ್ನು ತೀರಾ ಕೆಳಗಿಟ್ಟಿದ್ದೆ. ಅವರ ಅತಿ ಜೋರಿನ ಮಾತೂ, ಕಡತ ಹಿಡಿಯಬಲ್ಲ ಗರಿಷ್ಠ ಮಿತಿಗಿಂತ 36 ಡೆಸಿಬೆಲ್ ಕೆಳಗೇ ಉಳಿಯುತ್ತಿತ್ತು. ಆಮೇಲೆ ಏರಿಸಿಕೊಂಡರಾಯಿತು ಎಂಬುದು ಆಗಿನ ನನ್ನ ಧೈರ್ಯ. ಪ್ರತಿ ಪಾಠದ ಕೊನೆಯಲ್ಲಿ ಐದು ಪ್ರಶ್ನೆಗಳಿದ್ದವು, ಪ್ರತಿ ಪ್ರಶ್ನೆಯ ನಂತರ ಮಕ್ಕಳು ಉತ್ತರ ಯೋಚಿಸಲೆಂದು 10 ಸೆಕೆಂಡುಗಳ ಮೌನವಿತ್ತು. ಆ ಮೌನವನ್ನು ಮೈಕಿನ ಮುಂದೆ ಸುಮ್ಮನೆ ಕುಳಿತು ಮುದ್ರಿಸಿರಲಿಲ್ಲ. ಧ್ವನಿ ತಿದ್ದುವ ತಂತ್ರಾಂಶವಾದ ಆಡಾಸಿಟಿಯಲ್ಲೇ ಸೃಷ್ಟಿಸಿ ಸೇರಿಸಿದ್ದೆ. ಈ ಸಣ್ಣ ವಿವರವನ್ನು ನೆನಪಿನಲ್ಲಿಡಿ.

ಪಾಠ ಮುದ್ರಿಸಿದ ದಿನವೇ ಡಿಸ್ಕಿನಲ್ಲಿ ಜಾಗ ಉಳಿಸಲೆಂದು 16 ಬಿಟ್ ವೇವ್ ಆಗಿ ಎಕ್ಸ್‌ಪೋರ್ಟ್ ಮಾಡಿ, ಮೂಲ ಪ್ರಾಜೆಕ್ಟನ್ನು ಅಳಿಸಿಬಿಡುತ್ತಿದ್ದೆ. ಮರುದಿನ ಅತ್ತಿಗೆ ಕೇಳಿ, ಇಸವಿಯೊಂದು ತಪ್ಪಾಗಿದೆ ಎನ್ನುತ್ತಿದ್ದರು. ವೇವ್ ಕಡತ ತೆರೆದು, ಆ ಒಂದು ಪದವನ್ನು ಬದಲಿಸಿ, ಮತ್ತೆ ಅದೇ ಹೆಸರಿಗೆ ಎಕ್ಸ್‌ಪೋರ್ಟ್ ಮಾಡುತ್ತಿದ್ದೆ. ಏಳನೆಯ ಪಾಠ ಹೀಗೆ ಹತ್ತು ಸಲ ಒಳಗೆ ಹೋಗಿ ಹೊರಗೆ ಬಂದಿದೆ. ಎಲ್ಲ ಮುಗಿದ ಮೇಲೆ ಇಪ್ಪತ್ತಾರು ಪಾಠಗಳನ್ನೂ 30 ಡೆಸಿಬೆಲ್‌ನಷ್ಟು ಏರಿಸಿ, ಕೇಳಿ, ತೃಪ್ತಿಪಟ್ಟು, ಮಾದರಿಯೆಂದು ಮೂರು ಪಾಠಗಳನ್ನು ಹಾಸ್ಟೆಲ್‌ಗೆ ಕೊಂಡೊಯ್ದೆ.

ಇಯರ್‌ಫೋನ್ ಹಾಕಿಕೊಂಡು ಕೇಳಿದ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎರಡೇ ನಿಮಿಷದಲ್ಲಿ ಹೇಳಿದ: "ಸರ್, ಟೀಚರ್ ಸುಮ್ಮನಾದಾಗೊಮ್ಮೆ ಹಿಂದ ಯಾರೋ ಒಗ್ಗರಣಿ ಹಾಕಿಧಂಗ ಕೇಳಸ್ತೈತ್ರಿ."

ನನಗೆ ಏನೂ ಕೇಳಿಸಲಿಲ್ಲ. ಐವತ್ತನಾಲ್ಕು ವರ್ಷದ ಕಿವಿಗೆ ಅದು ಕೇಳಿಸದಿದ್ದುದಕ್ಕೆ ಕಾರಣವಿತ್ತು, ಅದನ್ನು ಮುಂದೆ ಹೇಳುತ್ತೇನೆ. ಆಗ ಮಾತ್ರ ಹುಡುಗನ ಇಯರ್‌ಫೋನೇ ಸರಿಯಿಲ್ಲ ಎಂದುಕೊಂಡೆ. ಆದರೆ ಪಕ್ಕದಲ್ಲಿದ್ದ ಇನ್ನಿಬ್ಬರೂ ಅದನ್ನೇ ಹೇಳಿದರು.

ಮುಂದಿನ ಮೂರು ವಾರಗಳನ್ನು ನಾನು ಕಳೆದ ರೀತಿ ನಾಚಿಕೆಗೇಡಿನದು. ಕೇಬಲ್ ಬದಲಿಸಿದೆ. ಫ್ಯಾನು, ಫ್ರಿಜ್ಜು, ಯುಪಿಎಸ್ ಎಲ್ಲವನ್ನೂ ಆರಿಸಿ ಮುದ್ರಿಸಿದೆ. ಅರ್ಥಿಂಗ್ ಸರಿಯಿಲ್ಲವೆಂದು ಎಲೆಕ್ಟ್ರಿಷಿಯನ್‌ನನ್ನು ಕರೆಸಿದೆ. ಕೊನೆಗೆ ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಹೊಸ ಆಡಿಯೊ ಇಂಟರ್‌ಫೇಸ್ ಕೊಂಡೆ. ಇವುಗಳ ನಡುವೆ ಮಾಡಿದ ಅತಿ ದೊಡ್ಡ ಅನಾಹುತವೆಂದರೆ, ಹಳೆಯ ಕಡತಗಳಿಗೆ ಹಿನ್ನೆಲೆ ಸದ್ದು ತಗ್ಗಿಸುವ ನಾಯ್ಸ್ ರಿಡಕ್ಷನ್ ಹಾಕಿದ್ದು. ಅದರಿಂದ ಅತ್ತಿಗೆಯ ದನಿ ನೀರಿನೊಳಗಿಂದ ಬಂದಂತಾಯಿತು. ಹಾಗೆ 'ಶುದ್ಧ'ಗೊಳಿಸಿದ ಕಡತವನ್ನು ಮತ್ತೆ 16 ಬಿಟ್‌ಗೆ ಎಕ್ಸ್‌ಪೋರ್ಟ್ ಮಾಡಿದಾಗ ಒಗ್ಗರಣೆ ಮತ್ತೆ ಬಂದು ಕುಳಿತಿತು.

ಸುಳಿವು ಸಿಕ್ಕಿದ್ದು ಆ 10 ಸೆಕೆಂಡಿನ ಮೌನದಲ್ಲಿ. ಮೈಕಿನ ದೋಷವಾಗಿದ್ದರೆ ಅದು ಮೈಕಿನಿಂದ ಬಂದ ಭಾಗದಲ್ಲಿ ಇರಬೇಕು. ಈ ಮೌನ ಮೈಕನ್ನು ನೋಡಿಯೇ ಇಲ್ಲ. ಅಲ್ಲಿರುವ ಪ್ರತಿಯೊಂದು ಸ್ಯಾಂಪಲ್, ಅಂದರೆ ಧ್ವನಿಯನ್ನು ಕ್ಷಣಕ್ಷಣಕ್ಕೆ ಅಳೆದು ಬರೆದ ಬೆಲೆ, ಸೊನ್ನೆಯಾಗಿರಬೇಕು. ಒಂದು ರಾತ್ರಿ ಆ ಭಾಗವನ್ನು ಆದಷ್ಟು ಹಿಗ್ಗಿಸಿ ನೋಡಿದೆ. ನೇರ ಗೆರೆ ಇರಬೇಕಾದ ಕಡೆ, ಸೊನ್ನೆಯ ಮೇಲೆ ಕೆಳಗೆ ಒಂದೆರಡು ಹಂತ ಹಾರುತ್ತಿರುವ ಚುಕ್ಕೆಗಳ ಸಾಲು ಕಾಣಿಸಿತು, ಬಿಸಿ ಕಾವಲಿಯ ಮೇಲೆ ಸಿಡಿಯುವ ಸಾಸಿವೆಯ ಹಾಗೆ. ಹುಡುಗನ ಹೋಲಿಕೆ ಕಣ್ಣಿಗೂ ಸರಿಹೊಂದಿತ್ತು.

ಆ ರಾತ್ರಿ ಮಾಡಿದ ಪರೀಕ್ಷೆಯನ್ನು ನೀವೂ ಐದು ನಿಮಿಷದಲ್ಲಿ ಮಾಡಬಹುದು. ಹೊಸ ಪ್ರಾಜೆಕ್ಟಿನಲ್ಲಿ 10 ಸೆಕೆಂಡು ಮೌನವನ್ನು ಸೃಷ್ಟಿಸಿ, 16 ಬಿಟ್ ವೇವ್ ಆಗಿ ಎಕ್ಸ್‌ಪೋರ್ಟ್ ಮಾಡಿ, ಅದನ್ನು ಮರಳಿ ತೆರೆದು 50 ಡೆಸಿಬೆಲ್ ಏರಿಸಿ ನೋಡಿ. ಸುಯ್ಯೆಂಬ ಸದ್ದು ಬಂದರೆ ಅದು ನಿಮ್ಮ ಮೈಕಿನದಲ್ಲ, ಎಕ್ಸ್‌ಪೋರ್ಟಿನದು. ಇನ್ನೊಂದು ಪರೀಕ್ಷೆ ಇನ್ನೂ ಖಚಿತವಾದದ್ದು: ಮೂಲವನ್ನೂ ಎಕ್ಸ್‌ಪೋರ್ಟ್ ಆದ ಪ್ರತಿಯನ್ನೂ ಒಂದರ ಕೆಳಗೊಂದು ಇಟ್ಟು, ಒಂದನ್ನು ಇನ್ವರ್ಟ್ (ತಲೆಕೆಳಗು) ಮಾಡಿ ಎರಡನ್ನೂ ಬೆರೆಸಿದರೆ, ಎರಡರಲ್ಲೂ ಸಮಾನವಾಗಿರುವುದೆಲ್ಲ ಪರಸ್ಪರ ಹೊಡೆದುಹೋಗಿ, ಎಕ್ಸ್‌ಪೋರ್ಟ್ ಸೇರಿಸಿದ್ದಷ್ಟೇ ಉಳಿಯುತ್ತದೆ. ಹಾಗೆ ಉಳಿದದ್ದರ ಸ್ಪೆಕ್ಟ್ರಮ್ (ಯಾವ ಕಂಪನಾಂಕದಲ್ಲಿ ಎಷ್ಟು ಸದ್ದಿದೆ ಎಂದು ತೋರಿಸುವ ನಕ್ಷೆ) ತೆಗೆದಾಗ, ಬಲಗಡೆಯ ಅತಿ ಎತ್ತರದ ಕಂಪನಾಂಕಗಳತ್ತ ಗುಡ್ಡದಂತೆ ಏರುವ ಗೆರೆ ಕಾಣಿಸಿತು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಅದೇ ಎತ್ತರದ ಸ್ವರಗಳನ್ನು. ಹದಿನಾಲ್ಕರ ಹುಡುಗನಿಗೆ ಕೇಳಿಸಿ ನನಗೆ ಕೇಳಿಸದಿದ್ದ ಒಗಟು ಅಲ್ಲಿಗೆ ಬಿಡಿಸಿದಂತಾಯಿತು.

ಈ ಸದ್ದಿನ ಹೆಸರು ಡಿದರ್. ಅದನ್ನು ತಂತ್ರಾಂಶ ಬೇಕೆಂದೇ ಸೇರಿಸುತ್ತದೆ, ಮತ್ತು ಅದರ ಸ್ಥಳದಲ್ಲಿ ಅದು ಸರಿಯಾದ ಕೆಲಸವೇ. 16 ಬಿಟ್‌ನ ಕಡತದಲ್ಲಿ ಧ್ವನಿಯ ಅಲೆಯ ಎತ್ತರವನ್ನು ಬರೆಯಲು 65,536 ಹಂತಗಳಷ್ಟೇ ಇರುತ್ತವೆ. ಎರಡು ಹಂತಗಳ ನಡುವೆ ಬರುವ ಬೆಲೆಯನ್ನು ಯಾವುದಾದರೊಂದು ಹಂತಕ್ಕೆ ತಳ್ಳಲೇಬೇಕು. ಚಿಲ್ಲರೆಯಿಲ್ಲದ ಬಸ್ ಕಂಡಕ್ಟರನ್ನು ನೆನೆಯಿರಿ. ನಿಮಗೆ ಪ್ರತಿದಿನ 25 ಪೈಸೆ ಬಾಕಿ ಬರಬೇಕು, ಆತನ ಚೀಲದಲ್ಲಿ ಒಂದು ರೂಪಾಯಿಯ ನಾಣ್ಯಗಳಷ್ಟೇ ಇವೆ. ಪ್ರತಿದಿನವೂ ಆತ ಬಾಕಿಯನ್ನು ನುಂಗಿದರೆ ನಿಮ್ಮ 25 ಪೈಸೆ ಎಂದೆಂದಿಗೂ ಸೊನ್ನೆಯೇ. ಅದರ ಬದಲು ಯಾವ ದಿನವೆಂದು ಹೇಳದೆ, ಸರಾಸರಿ ನಾಲ್ಕು ದಿನಕ್ಕೊಮ್ಮೆ ಪೂರ್ತಿ ರೂಪಾಯಿ ಕೊಟ್ಟರೆ, ದಿನದ ಲೆಕ್ಕ ಏರುಪೇರಾದರೂ ತಿಂಗಳ ಲೆಕ್ಕ ಸರಿಹೋಗುತ್ತದೆ. ಡಿದರ್ ಮಾಡುವುದು ಇದನ್ನೇ: ಅತಿ ಸಣ್ಣ ಯಾದೃಚ್ಛಿಕ ಸದ್ದನ್ನು ಬೆರೆಸಿ, ಹಂತಕ್ಕಿಂತ ಚಿಕ್ಕದಾದ ಧ್ವನಿಯನ್ನೂ ಸರಾಸರಿಯಲ್ಲಿ ಉಳಿಸುತ್ತದೆ. ಎರಡು ಹಂತಗಳಷ್ಟು ಅಗಲದ ತ್ರಿಕೋನಾಕಾರದ ಡಿದರ್ ಹಾಕಿದರೆ ಉಳಿಯುವ ಸದ್ದು ಮಾತಿನ ಜೊತೆ ಏರಿಳಿಯದೆ ಒಂದೇ ಸಮನಾಗಿರುತ್ತದೆ ಎಂಬುದನ್ನು ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಲಿಪ್‌ಶಿಟ್ಜ್ ಮತ್ತು ವ್ಯಾಂಡರ್‌ಕೂಯ್ 1980ರ ದಶಕದಲ್ಲೇ ಗಣಿತದಿಂದ ತೋರಿಸಿದ್ದಾರೆ. ಶೇಪ್ಡ್ ಎಂಬ ಬಗೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆ ಸದ್ದನ್ನು ಕಿವಿ ಅಷ್ಟಾಗಿ ಗಮನಿಸದ ಎತ್ತರದ ಕಂಪನಾಂಕಗಳತ್ತ ತಳ್ಳುತ್ತದೆ. ಆದರೆ ಒಟ್ಟು ಸದ್ದಿನ ಶಕ್ತಿ ಅದರಿಂದ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ನನ್ನ ಆಡಾಸಿಟಿಯಲ್ಲಿ ಈ ಆಯ್ಕೆ ಪ್ರಿಫರೆನ್ಸಸ್‌ನ ಕ್ವಾಲಿಟಿ ಪುಟದಲ್ಲಿ, ಹೈ ಕ್ವಾಲಿಟಿ ಕನ್ವರ್ಷನ್ ಎಂಬಲ್ಲಿತ್ತು, ಮತ್ತು ಅದರಲ್ಲಿ ಮೊದಲೇ ಆಯ್ಕೆಯಾಗಿದ್ದುದು ಶೇಪ್ಡ್. ನನ್ನಲ್ಲಿದ್ದುದು 2ರ ಸರಣಿಯ ಹಳೆಯ ಆವೃತ್ತಿ. ಅದು 16 ಬಿಟ್ ಕಡತವನ್ನು ತೆರೆದಾಗ ಹೆಚ್ಚು ಸೂಕ್ಷ್ಮವಾದ 32 ಬಿಟ್ ಫ್ಲೋಟ್ ಎಂಬ ಬಗೆಗೆ ಬದಲಿಸಿಕೊಂಡು, ಹೊರಗೆ ಕಳಿಸುವಾಗ, ನಾನು ಒಂದೇ ಪದ ತಿದ್ದಿದ್ದರೂ, ಇಡೀ ಪಾಠಕ್ಕೆ ಹೊಸದಾಗಿ ಡಿದರ್ ಬಳಿಯುತ್ತಿತ್ತು. ಅದನ್ನು ದೂರುವಂತಿಲ್ಲ. ಎಕ್ಸ್‌ಪೋರ್ಟ್ ಎಂದರೆ ಕೆಲಸದ ಕೊನೆ ಎಂಬ ನಂಬಿಕೆಯಿಂದ ಅದು ನಡೆದುಕೊಂಡಿತು. ನಾನು ಎಕ್ಸ್‌ಪೋರ್ಟನ್ನು ಸೇವ್ ಗುಂಡಿಯಂತೆ ಬಳಸಿದೆ.

ಲೆಕ್ಕ ಹಾಕಿದರೆ ಹಾನಿ ಸ್ಪಷ್ಟವಾಗುತ್ತದೆ. 16 ಬಿಟ್‌ನಲ್ಲಿ ಒಂದು ಹಂತದ ಎತ್ತರ ಗರಿಷ್ಠ ಮಿತಿಗಿಂತ ಸುಮಾರು 90 ಡೆಸಿಬೆಲ್ ಕೆಳಗಿದೆ. ಸಾಮಾನ್ಯ ಮಟ್ಟದಲ್ಲಿ ಕೇಳುವವರಿಗೆ ಅಷ್ಟು ಕೆಳಗಿನದು ಕೇಳಿಸುವುದೇ ಇಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಸಮಪ್ರಮಾಣದ ಹತ್ತು ಸದ್ದುಗಳು ಕೂಡಿದರೆ 10 ಡೆಸಿಬೆಲ್ ಏರುತ್ತದೆ. ಏಳನೆಯ ಪಾಠದಲ್ಲಿ ಆದದ್ದು ಅದು. ಅದರ ಮೇಲೆ ನಾನೇ 30 ಡೆಸಿಬೆಲ್ ಏರಿಸಿದೆ. ಒಟ್ಟು 40; ಅಂದರೆ 90 ಡೆಸಿಬೆಲ್ ಕೆಳಗಿದ್ದದ್ದು ಸುಮಾರು 50ಕ್ಕೆ ಬಂತು. ಆಡಿಯೊ ಪುಸ್ತಕಗಳಿಗೆ ಎಸಿಎಕ್ಸ್ ಎಂಬ ಪ್ರಕಟಣಾ ತಾಣ ವಿಧಿಸುವ ನಿಯಮದಂತೆ ಹಿನ್ನೆಲೆ ಸದ್ದು ಗರಿಷ್ಠ ಮಿತಿಗಿಂತ 60 ಡೆಸಿಬೆಲ್ ಕೆಳಗಿರಬೇಕು. ನನ್ನ 'ಪೂರ್ಣ ಮೌನ' ಆ ಪರೀಕ್ಷೆಯಲ್ಲೇ ಅನುತ್ತೀರ್ಣವಾಯಿತು. ಅಷ್ಟೇ ಅಲ್ಲ, 36 ಡೆಸಿಬೆಲ್ ಕೆಳಗೆ ಮುದ್ರಿಸಿದ ದನಿಯನ್ನು 16 ಬಿಟ್‌ನಲ್ಲಿ ಇಟ್ಟಾಗ ಆರು ಬಿಟ್‌ಗಳು ಖಾಲಿಯೇ ಉಳಿದವು. ಅತ್ತಿಗೆಯ ಮಾತಿಗೆ ದಕ್ಕಿದ್ದು ಹತ್ತು ಬಿಟ್, ಅಂದರೆ 65,536 ಹಂತಗಳಲ್ಲಿ ಬರೀ 1,024.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಡಿದರ್ ಶತ್ರುವೆಂದು ತೀರ್ಮಾನಿಸಿ, ಆಯ್ಕೆಯನ್ನು 'ನನ್' (None, ಅಂದರೆ ಡಿದರ್ ಬೇಡ) ಎಂದು ಬದಲಿಸಿ, ಅದು ಹಾಗೆಯೇ ಇರಲಿ ಎಂದು ಬಿಟ್ಟೆ. ಡಿದರ್ ತೊಂದರೆ ಕೊಟ್ಟರೆ ಅದನ್ನು ಆಫ್ ಮಾಡಿಬಿಡಿ ಎಂದು ಸಲಹೆ ಕೊಡುವವರು ಬಹಳ ಮಂದಿ. ಅರ್ಧ ಸತ್ಯದ ಆ ಸಲಹೆಯ ವಿಷಯದಲ್ಲೂ ಎಚ್ಚರವಿರಲಿ. ಪ್ರತಿ ಪಾಠದ ಕೊನೆಗೆ ತಂಬೂರಿಯ ನಾದ ನಿಧಾನವಾಗಿ ಕರಗುವಂತೆ ಫೇಡ್ ಔಟ್ ಇಟ್ಟಿದ್ದೆ. ತಂಬೂರಿಯ ತುಣುಕನ್ನೂ ಅದೇ ಕೆಳಮಟ್ಟದಲ್ಲಿ, ಡಿದರ್ ಇಲ್ಲದೆ 16 ಬಿಟ್‌ಗೆ ಇಳಿಸಿ, ಆಮೇಲೆ ಮಾತಿನ ಜೊತೆ ಏರಿಸಿದೆ. ನಾದ ಕರಗುತ್ತ ಹೋದಂತೆ ಅದರ ಮೈಗೆ ಮರಳು ಮೆತ್ತಿಕೊಂಡಂತೆ ಗರಗರ ಶುರುವಾಯಿತು; ತಂತಿಯ ಮಿಡಿತ ಏರಿದಾಗ ಗರಗರವೂ ಏರಿತು, ಇಳಿದಾಗ ಇಳಿಯಿತು; ಕೊನೆಯಲ್ಲಿ ನಾದ ಒಂದು ಹಂತಕ್ಕಿಂತ ಚಿಕ್ಕದಾದ ಕ್ಷಣ ಕತ್ತರಿಯಿಂದ ಕತ್ತರಿಸಿದಂತೆ ನಿಂತೇ ಹೋಯಿತು. ಇದಕ್ಕೆ ಹದಿನಾಲ್ಕರ ಕಿವಿ ಬೇಕಾಗಲಿಲ್ಲ, ನನಗೇ ಕೇಳಿಸಿತು. ಒಂದೇ ಸಮನಾದ ಸುಯ್ಯೆಂಬ ಸದ್ದನ್ನು ಕಿವಿ ಮರೆತುಬಿಡುತ್ತದೆ, ಸ್ವರಕ್ಕೆ ಅಂಟಿಕೊಂಡು ಕುಣಿಯುವ ಗರಗರವನ್ನು ಮರೆಯುವುದಿಲ್ಲ.

ಈಗ ನಾನು ಅನುಸರಿಸುವ ಕ್ರಮ ಸರಳವಾಗಿದೆ. ಕೆಲಸ ಮುಗಿಯುವವರೆಗೆ ಪಾಠ ಪ್ರಾಜೆಕ್ಟಾಗಿಯೇ ಇರುತ್ತದೆ; ಬೇರೆ ಕಂಪ್ಯೂಟರಿಗೆ ಕಳಿಸಲೇಬೇಕಾದರೆ 32 ಬಿಟ್ ಫ್ಲೋಟ್ ವೇವ್ ಆಗಿ ಕಳಿಸುತ್ತೇನೆ, ಅದು ಸಾಧ್ಯವಿಲ್ಲದಿದ್ದರೆ 24 ಬಿಟ್. 24 ಬಿಟ್‌ನಲ್ಲಿ ಒಂದು ಹಂತ ಸುಮಾರು 138 ಡೆಸಿಬೆಲ್ ಕೆಳಗಿರುವುದರಿಂದ, ನಮ್ಮ ಮನೆಯ ಮೈಕಿನ ಸ್ವಂತ ಸದ್ದೇ ಅದಕ್ಕಿಂತ ಬಹಳ ಮೇಲಿರುತ್ತದೆ. ಡಿದರ್ ಇದ್ದರೂ ಇಲ್ಲದಿದ್ದರೂ ಒಂದೇ. ಮಟ್ಟ ಏರಿಸುವುದು, ಸ್ಯಾಂಪಲ್ ರೇಟ್ ಬದಲಿಸುವುದು, ಫೇಡ್ ಹಾಕುವುದು ಎಲ್ಲವೂ ಮುಗಿದ ಮೇಲೆ ಒಂದೇ ಒಂದು ಸಲ 16 ಬಿಟ್‌ಗೆ ಇಳಿಸಿ, ಆಗ ಮಾತ್ರ ಡಿದರ್ ಹಾಕುತ್ತೇನೆ. ಆ ಕಡತವನ್ನು ಇನ್ನೊಬ್ಬರು ತೆರೆದು ತಿದ್ದುವ ಸಾಧ್ಯತೆ ಇದ್ದರೆ ಶೇಪ್ಡ್ ಬದಲು ಟ್ರಯಾಂಗಲ್ (ಮೇಲೆ ಹೇಳಿದ ತ್ರಿಕೋನಾಕಾರದ ಡಿದರ್) ಆಯ್ಕೆ ಮಾಡುತ್ತೇನೆ, ಏಕೆಂದರೆ ಮತ್ತೆ ಏರಿಸಿದಾಗ ಎತ್ತರದ ಸ್ವರಗಳ ಆ ಗುಡ್ಡ ಅವರ ಪಾಲಿಗೆ ಬರಬಾರದು. 'ನನ್' ಎಂಬ ಆಯ್ಕೆಗೂ ಒಂದು ಜಾಗವಿದೆ: 16 ಬಿಟ್ ಕಡತದ ಹಿಂದುಮುಂದನ್ನು ಕತ್ತರಿಸುವುದಷ್ಟೇ ಕೆಲಸವಾಗಿದ್ದು, ಮಟ್ಟವನ್ನಾಗಲಿ ಫೇಡನ್ನಾಗಲಿ ಮುಟ್ಟದಿದ್ದರೆ, ಸ್ಯಾಂಪಲ್‌ಗಳು ಈಗಾಗಲೇ ಹಂತಗಳ ಮೇಲೇ ಕುಳಿತಿರುವುದರಿಂದ ಡಿದರ್ ಬೇಕಿಲ್ಲ. ಎಂಪಿ3ಗೆ ಬಿಟ್ ಡೆಪ್ತ್ (16, 24 ಎಂಬ ಬಿಟ್ ಲೆಕ್ಕ) ಎಂಬುದೇ ಇಲ್ಲವಾದ್ದರಿಂದ, ಅದನ್ನು ಪ್ರಾಜೆಕ್ಟಿನಿಂದ ನೇರವಾಗಿಯೇ ತೆಗೆಯಬೇಕು, ನಡುವೆ 16 ಬಿಟ್ ವೇವ್ ಮಾಡಿಕೊಳ್ಳಬಾರದು.

ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುತ್ತಿರುವವರು ಇದನ್ನೆಲ್ಲ ಓದಿ ಗಾಬರಿಯಾಗಬೇಕಿಲ್ಲ. ಟೇಪಿನ ಸ್ವಂತ ಸುಯ್ಯೆಂಬ ಸದ್ದು ಡಿದರ್‌ಗಿಂತ ಎಷ್ಟೋ ಪಟ್ಟು ದೊಡ್ಡದು, ಡಿದರ್‌ನ ಕೆಲಸವನ್ನು ಅದೇ ಮಾಡಿಬಿಡುತ್ತದೆ. ತೊಂದರೆಗೆ ಸಿಲುಕುವವರು ನನ್ನಂತೆ ಕೆಳಮಟ್ಟದಲ್ಲಿ ಮುದ್ರಿಸಿ, ನಡುನಡುವೆ ಪೂರ್ಣ ಮೌನವನ್ನು ತುಂಬಿ, ಕೊನೆಯಲ್ಲಿ ಬಹಳಷ್ಟು ಏರಿಸುವವರು.

ಬೆರೆತ ಡಿದರನ್ನು ಹಿಂದಕ್ಕೆ ತೆಗೆಯುವ ದಾರಿಯಿಲ್ಲ. ಪ್ರಶ್ನೆಗಳ ನಡುವಿನ ಮೌನಗಳನ್ನು ಹೊಸದಾಗಿ ಸೊನ್ನೆ ಮಾಡಿ ನೋಡಿದೆ. ಆಗ ಮಾತು ಶುರುವಾದ ಕೂಡಲೇ ಸದ್ದು ಹುಟ್ಟಿ, ನಿಂತ ಕೂಡಲೇ ಸಾಯುವುದು ಇನ್ನೂ ಎದ್ದು ಕಂಡಿತು. ಹದಿನೇಳು ಪಾಠಗಳ ಪ್ರಾಜೆಕ್ಟುಗಳನ್ನು ಬೇರೊಂದು ಡಿಸ್ಕಿನ ಬ್ಯಾಕಪ್ಪಿನಿಂದ ಮರಳಿ ಪಡೆದೆ. ಮೊದಲ ಒಂಬತ್ತಕ್ಕೆ ಬ್ಯಾಕಪ್ಪೂ ಇರಲಿಲ್ಲ. "ಇನ್ನ ಎಷ್ಟ ಸಲ ಓದಸ್ತೀಪಾ ನನ್ನ ಕಡೆ?" ಎಂದು ಅತ್ತಿಗೆ ಕೇಳಿದರು, ಕೇಳಿ ಕನ್ನಡಕ ಹಾಕಿಕೊಂಡು ಕುಳಿತರು. ಈ ಸಲ ಅವರ ದನಿ ಗರಿಷ್ಠ ಮಿತಿಗಿಂತ 12 ಡೆಸಿಬೆಲ್ ಕೆಳಗೆ ಬರುವಂತೆ ಮೈಕನ್ನು ಹತ್ತಿರಕ್ಕೆ ಎಳೆದಿದ್ದೇನೆ. ನಿನ್ನೆಗೆ ಆರು ಪಾಠ ಮುಗಿದಿವೆ. ಏಳನೆಯದನ್ನು ಮುಗಿಸಿದ ದಿನವೇ ಕೊಂಡೊಯ್ದು ಆ ಹುಡುಗನ ಕಿವಿಗೆ ಹಾಕುವುದಾಗಿ ಹೇಳಿದ್ದೇನೆ.