ಜೋಳದ ರೊಟ್ಟಿಗೆ ‘ಕಾರ್ನ್’ ಎಂದು ಬರೆದ ಖಾನಾವಳಿ

ಹುಬ್ಬಳ್ಳಿಯ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿರುವ ಈ ಖಾನಾವಳಿಯಲ್ಲಿ ಎರಡು ತಿಂಗಳಲ್ಲಿ ಮೂರು ಸಲ ಉಂಡಿದ್ದೇನೆ. ಊಟದ ಬಗ್ಗೆ ನನ್ನ ದೂರು ಹೆಚ್ಚೇನಿಲ್ಲ. ದೂರಿರುವುದು ಗೋಡೆಯ ಮೇಲಿನ ಫಲಕದ ಬಗ್ಗೆ. ರೈಲಿನಿಂದ ಇಳಿದು ಬರುವ ಪರವೂರಿನವರಿಗೆ ಅನುಕೂಲವಾಗಲೆಂದು ಮಾಲೀಕರು ಊಟದ ಪಟ್ಟಿಯನ್ನು ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷುಗಳಲ್ಲಿ ಬರೆಸಿದ್ದಾರೆ. ತಪ್ಪನ್ನು ತೋರಿಸಿದಾಗ ಸರಿಪಡಿಸುವುದಾಗಿ ಹೇಳಿದ್ದರಿಂದ ಖಾನಾವಳಿಯ ಹೆಸರನ್ನು ಇಲ್ಲಿ ಬೇಕೆಂದೇ ಬಿಟ್ಟಿದ್ದೇನೆ.

ಮೊದಲು ರೊಟ್ಟಿಯ ಮಾತು. ಒಳಗೆ ಕಾಲಿಡುವ ಮುನ್ನವೇ ಬಡಿಯುವ ಸಪ್ಪಳ ಕೇಳಿಸುತ್ತದೆ, ಮತ್ತು ಆ ಸಪ್ಪಳ ಊಟದ ಹೊತ್ತು ಮುಗಿಯುವವರೆಗೆ ನಿಲ್ಲುವುದಿಲ್ಲ. ಜೋಳದ ಹಿಟ್ಟಿಗೆ ಗೋಧಿಯ ಹಿಟ್ಟಿನಂತಹ ಜಿಗುಟು ಇಲ್ಲದಿರುವುದರಿಂದ ಕುದಿಯುವ ಎಸರು ಹೊಯ್ದು ಕಲಸಬೇಕು. ಬಿಸಿಗೆ ಹಿಟ್ಟು ಅರೆಬೆಂದಾಗ ಬರುವಷ್ಟೇ ಅಂಟಿನ ಮೇಲೆ ಇಡೀ ರೊಟ್ಟಿ ನಿಲ್ಲಬೇಕು. ಇಲ್ಲಿ ಇಬ್ಬರು ಹೆಣ್ಣುಮಕ್ಕಳು ಗಿರಾಕಿಗಳ ಕಣ್ಣೆದುರೇ ಕುಳಿತು ಬಡಿಯುತ್ತಾರೆ. ಅಂಗೈಯಗಲದ ಮುದ್ದೆ ತಟ್ಟೆಯಷ್ಟಾಗುವವರೆಗೆ ತಿರುಗುತ್ತಲೇ ಇರುತ್ತದೆ, ಅಂಚು ಹರಿಯುವುದಿಲ್ಲ. ಹಂಚಿನ ಮೇಲೆ ಹಾಕಿದ ಕೂಡಲೇ ಹಸಿಬಟ್ಟೆಯಿಂದ ನೀರು ಸವರಿ, ಅದು ಆರುತ್ತಿದ್ದಂತೆ ಮಗುಚಿ, ಕೊನೆಗೆ ಕೆಂಡಕ್ಕೆ ಒರಗಿಸಿದಾಗ ರೊಟ್ಟಿ ಬುಗ್ಗೆಯಂತೆ ಉಬ್ಬುತ್ತದೆ. ನನ್ನ ತಟ್ಟೆಗೆ ಬಂದದ್ದರ ಮೇಲ್ಪದರು ಎಷ್ಟು ತೆಳ್ಳಗಿತ್ತೆಂದರೆ, ಬೆರಳಿನಿಂದ ಚುಚ್ಚಿ ಎತ್ತಿದಾಗ ಒಳಗಿನ ಹಬೆ ಮುಖಕ್ಕೆ ಹೊಡೆಯಿತು. ಆ ಬಾಯಿಯೊಳಗೆ ಬೆಣ್ಣೆಯ ಉಂಡೆಯೊಂದನ್ನು ಜಾರಿಸುವುದು ಬಡಿಸುವವನ ಕೆಲಸ, ಅವನದನ್ನು ಕೇಳದೆಯೇ ಮಾಡುತ್ತಾನೆ.

ಇಂಥ ರೊಟ್ಟಿಯನ್ನು ಫಲಕದ ಇಂಗ್ಲಿಷ್ ಸಾಲು ‘ಕಾರ್ನ್ ರೊಟ್ಟಿ’ ಎನ್ನುತ್ತದೆ, ಹಿಂದಿ ಸಾಲು ‘ಮಕ್ಕೆ ಕೀ ರೋಟಿ’ ಎನ್ನುತ್ತದೆ. ಎರಡೂ ಗೋವಿನ ಜೋಳದ, ಅಂದರೆ ಮೆಕ್ಕೆಜೋಳದ ಹೆಸರುಗಳು. ಮೊದಲ ಸಲ ಹೋದಾಗ ಪಕ್ಕದ ಮೇಜಿನಲ್ಲಿದ್ದ ಉತ್ತರದ ಕುಟುಂಬವೊಂದು ಹಳದಿ ರೊಟ್ಟಿಯನ್ನೂ ಸಾಸಿವೆ ಸೊಪ್ಪಿನ ಪಲ್ಯವನ್ನೂ ಎದುರು ನೋಡುತ್ತಿದ್ದು, ಬಿಳಿಯ ರೊಟ್ಟಿ ಬಂದಾಗ ತಮ್ಮದಲ್ಲವೆಂದು ಹಿಂದಕ್ಕೆ ಕಳಿಸಿತು. ಬಡಿಸುವ ಹುಡುಗ ಹುಬ್ಬಳ್ಳಿಯ ಹಿಂದಿಯಲ್ಲಿ ‘ಯಹೀ ಹೈ ಸಾಬ್’ ಎಂದು ಎರಡು ಸಲ ಹೇಳಿ ಸೋತ. ಯಾರ ತಪ್ಪು? ಫಲಕ ಬರೆದವನ ಕನ್ನಡವೇನೂ ತಪ್ಪಲ್ಲ, ಅದು ಬೇರೆ ಊರಿನ ಕನ್ನಡ. ಬೆಂಗಳೂರಿನ ಬೀದಿಯಲ್ಲಿ ‘ಜೋಳ’ ಎಂದರೆ ಕೆಂಡದ ಮೇಲೆ ಸುಟ್ಟು ಉಪ್ಪು ಖಾರ ಹಚ್ಚಿ ಕೊಡುವ ತೆನೆ. ಅಮೆರಿಕ ಖಂಡದಿಂದ ಬಂದ ಆ ಹೊಸ ಬೆಳೆಯನ್ನು ನಮ್ಮ ಭಾಷೆಗಳು ಹಳೆಯ ಜೋಳದ ಹೆಸರಿಗೆ ಏನಾದರೊಂದನ್ನು ಅಂಟಿಸಿಯೇ ಕರೆದವು: ಕನ್ನಡದಲ್ಲಿ ಮೆಕ್ಕೆಜೋಳ, ಮುಸುಕಿನ ಜೋಳ, ನಮ್ಮ ಕಡೆ ಗೋವಿನ ಜೋಳ; ತೆಲುಗಿನಲ್ಲಿ ಜೊನ್ನದಿಂದ ಮೊಕ್ಕಜೊನ್ನ; ತಮಿಳಿನಲ್ಲಿ ಚೋಳಂನಿಂದ ಮಕ್ಕಾಚ್ಚೋಳಂ. ದಕ್ಷಿಣದ ಪೇಟೆಗಳಲ್ಲಿ ಮುಂದಿನ ತುಂಡು ಕಳಚಿಬಿದ್ದು ಮನೆಯೊಡೆಯನ ಹೆಸರು ಅತಿಥಿಗೆ ಹೋಯಿತು. ಇಲ್ಲಿ ಹಾಗಾಗಿಲ್ಲ. ಹಾವೇರಿಯ ಹೊಲಗಳಲ್ಲಿ ಇಂದು ಕಣ್ಣು ಹಾಯುವಷ್ಟು ದೂರ ಗೋವಿನ ಜೋಳವೇ ಇದ್ದರೂ ‘ಜೋಳ’ ಎಂದರೆ ನವಲಗುಂದ, ನರಗುಂದ, ರೋಣದ ಎರೆಹೊಲದಲ್ಲಿ ಹಿಂಗಾರಿಗೆ ನಿಲ್ಲುವ ಬಿಳಿಜೋಳವೇ. ಫಲಕದಲ್ಲಿ ಇಂಗ್ಲಿಷಿಗೆ ‘ಜೋವಾರ್’ ಎಂದೋ ‘ಸೋರ್ಗಮ್’ ಎಂದೋ, ಹಿಂದಿಗೆ ‘ಜ್ವಾರ್ ಕೀ ರೋಟಿ’ ಎಂದೋ ಬರೆದಿದ್ದರೆ ಸಾಕಾಗುತ್ತಿತ್ತು.

ಮರಾಠಿ ಸಾಲಿನಲ್ಲಿ ‘ಭಾಕರಿ’ ಎಂದಿದೆ, ಅದು ಸರಿ. ನಾವು ಬಡಿಯುವುದನ್ನು ಅವರು ‘ಥಾಪಣೆ’ ಎನ್ನುತ್ತಾರೆ. ಎರಡು ಭಾಷೆಗಳಲ್ಲೂ ಕ್ರಿಯಾಪದವೇ ಕೈಯ ಕೆಲಸವನ್ನು ಹೇಳಿಬಿಡುತ್ತದೆ. ಆದರೆ ಸರಿಯಾದ ಹೆಸರೂ ಒಮ್ಮೊಮ್ಮೆ ಎಡವಿಸುತ್ತದೆ. ಮೂರನೆಯ ಸಲ ನನ್ನೊಡನೆ ಬಂದ ಗುಜರಾತಿ ಸಹೋದ್ಯೋಗಿ ಆ ಸಾಲನ್ನು ಓದಿ ಖುಷಿಯಾದರು. ಅವರ ಮನೆಯಲ್ಲಿ ಭಾಖರಿ ಎಂದರೆ ಗೋಧಿಯ ತರಿಹಿಟ್ಟಿಗೆ ಎಣ್ಣೆ ಬೆರೆಸಿ, ದಪ್ಪಗೆ ಲಟ್ಟಿಸಿ, ಬಿಸ್ಕತ್ತಿನಂತೆ ಮುರಿಯುವ ಹಾಗೆ ಬೇಯಿಸಿದ ತಿಂಡಿ. ಜೋಳ, ಸಜ್ಜೆಗಳದ್ದು ಅವರಿಗೆ ‘ರೋಟಲೋ’. ತಟ್ಟೆ ನೋಡಿದ ಮೇಲೆ ‘ಇದು ನಮ್ಮ ರೋಟಲೋ ಅಲ್ಲವೇ’ ಎಂದರು, ಆಮೇಲೆ ನಾಲ್ಕು ತಿಂದರು. ನನ್ನ ಲೆಕ್ಕ ಎರಡೂವರೆಗೆ ನಿಂತಿತ್ತು.

ಎಣಗಾಯಿಯನ್ನು ಮಾತ್ರ ಕ್ಷಮಿಸುವುದು ಕಷ್ಟ. ಎಳೆಯ ಬದನೆಕಾಯಿಯನ್ನು ತೊಟ್ಟು ಬಿಡದಂತೆ ನಾಲ್ಕಾಗಿ ಸೀಳಿ, ಶೇಂಗಾ, ಗುರೆಳ್ಳು, ಒಣಕೊಬ್ಬರಿಗಳ ಮಸಾಲೆ ತುಂಬಿ ಎಣ್ಣೆಯಲ್ಲಿ ಬಾಡಿಸಿದ ಈ ಪದಾರ್ಥವನ್ನು ಇಂಗ್ಲಿಷ್ ಸಾಲಿನಲ್ಲಿ ‘ಆಯಿಲ್ ವೆಜಿಟೇಬಲ್’ ಮಾಡಿದ್ದಾರೆ. ಎಣ್ಣೆ, ಕಾಯಿ ಎರಡನ್ನೂ ಬಿಡಿಸಿಟ್ಟ ಆ ಪದನಿಷ್ಠೆಗೆ ತಲೆದೂಗಬಹುದು, ಆದರೆ ಓದಿದ ಯಾರೂ ಅದನ್ನು ತರಿಸಿಕೊಳ್ಳಲಾರರು. ಮರಾಠಿಯ ಭರಲೀ ವಾಂಗೀ, ತೆಲುಗಿನ ಗುತ್ತಿ ವಂಕಾಯ ಇದರ ಹತ್ತಿರದ ನೆಂಟರು. ಇಂಗ್ಲಿಷಿಗೆ ‘ಬ್ರಿಂಜಾಲ್’ ಎಂಬ ಒಂದೇ ಮಾತು ಸೇರಿಸಿದ್ದರೂ ಗಿರಾಕಿಗೆ ದಾರಿ ಸಿಗುತ್ತಿತ್ತು. ಆ ಮಾತಾದರೂ ಪೋರ್ಚುಗೀಸರ ಬೆರಿಂಜೇಲಾದಿಂದ ಬಂದದ್ದು. ಅವರಿಗೆ ಅರಬ್ಬಿಯಿಂದ, ಅರಬ್ಬಿಗೆ ಪಾರಸಿಯ ಬಾದಿಂಗಾನ್‌ನಿಂದ, ಪಾರಸಿಗೆ ಭಾರತದಿಂದಲೇ. ನಮ್ಮ ಕಡೆಯ ಹಿರಿಯರು ಬಳಸುವ ‘ಮುಳಗಾಯಿ’ಗೆ ಇಷ್ಟು ಸುತ್ತಾಟವಿಲ್ಲ, ಅದು ತೊಟ್ಟಿನ ಮುಳ್ಳನ್ನು ನೋಡಿ ಇಟ್ಟಂತಿದೆ. ರುಚಿಯಲ್ಲಿ ಎಣಗಾಯಿಗೆ ಹುಳಿ ಸ್ವಲ್ಪ ಹೆಚ್ಚು, ಖಾರ ಹದವಾಗಿದೆ.

ಉಳಿದವುಗಳಲ್ಲಿ ಮಡಿಕೆಕಾಳಿನ ಪಲ್ಯ ಚೆನ್ನಾಗಿತ್ತು, ಝುಣಕ ಒಣಗಿತ್ತು. ಶೇಂಗಾ ಹಿಂಡಿಯನ್ನು ಬೆಳಿಗ್ಗೆ ಕುಟ್ಟಿದ್ದೆಂದು ಹೇಳಿದರು, ನಂಬುವಂತಿತ್ತು. ಮೊಸರು, ಸೀಳಿದ ಉಳ್ಳಾಗಡ್ಡಿ, ಹಸಿ ಮೆಂತ್ಯದ ಸೊಪ್ಪು ಕೇಳಿದಷ್ಟು. ಊಟಕ್ಕೆ 120 ರೂಪಾಯಿ, ರೊಟ್ಟಿಗೆ ಎಣಿಕೆಯಿಲ್ಲ. ಅನ್ನ ಸಾರು ಹೆಸರಿಗಷ್ಟೇ ಇವೆ. ಒಂದೂವರೆ ಗಂಟೆಯ ನಂತರ ಹೋದರೆ ಕೂರಲು ಜಾಗ ಸಿಗುವುದಿಲ್ಲ, ಕೈತೊಳೆಯುವ ತೊಟ್ಟಿಯ ಸುತ್ತ ನೆಲ ಸದಾ ಒದ್ದೆ.

ಹೊರಡುವಾಗ ಪುಣೆಯಲ್ಲಿರುವ ಅಕ್ಕನಿಗೆಂದು ಖಡಕ್ ರೊಟ್ಟಿಯ ಒಂದು ಕಟ್ಟು ತೆಗೆದುಕೊಂಡೆ. ಹತ್ತು ರೊಟ್ಟಿಗಳ ಆ ಕಟ್ಟಿನ ಚೀಟಿಯ ಮೇಲೂ ನಾಗರಿಯಲ್ಲಿ ‘ಕಡಕ ಭಾಕರಿ’, ಅದರ ಕೆಳಗೆ ಮತ್ತದೇ ‘ಕಾರ್ನ್’. ಗಲ್ಲೆಯ ಮೇಲಿದ್ದ ಪೆನ್ನು ಕೇಳಿ ಕೆಳಗಿನ ಸಾಲನ್ನು ಹೊಡೆದುಹಾಕಿದೆ. ಮಾಲೀಕರು ನಕ್ಕು, ಪಕ್ಕದ ಬುಟ್ಟಿಯಲ್ಲಿದ್ದ ಉಳಿದ ಕಟ್ಟುಗಳನ್ನೂ ನನ್ನ ಮುಂದೆ ಸರಿಸಿದರು.